ಆರೋಗ್ಯದ ಆ್ಯಪ್, ವಾಚ್, ಎಐ: ನಿಜವಾಗ್ಲೂ ಕೆಲಸ ಮಾಡುತ್ತಾ ಅಂತ ತಿಳಿಯೋದು ಹೇಗೆ?

ಕೋಲಾರ, ಚಿಂತಾಮಣಿ, ಶಿರಾ, ಎಲ್ಲಿನ ಮೊಬೈಲ್ ಅಂಗಡಿಗೆ ಹೋದರೂ ಈಗ ಆರೋಗ್ಯ ನೋಡುವ ವಾಚ್ ಸಿಗುತ್ತದೆ. ಬಿಪಿ ತೋರಿಸುತ್ತದೆ ಅನ್ನುತ್ತಾರೆ, ಆಕ್ಸಿಜನ್ ತೋರಿಸುತ್ತದೆ ಅನ್ನುತ್ತಾರೆ. ಕೆಲವು ವಾಚ್‌ಗಳು ಸೂಜಿ ಚುಚ್ಚದೆ ಶುಗರ್ ಕೂಡ ಹೇಳುತ್ತವಂತೆ. ಇತ್ತ ಸರ್ಕಾರಿ ಆಸ್ಪತ್ರೆಗಳೂ ಡಿಜಿಟಲ್ ಆಗುತ್ತಿವೆ. ಮನೆಮನೆಗೆ ಬಂದು ಬಿಪಿ, ಶುಗರ್ ನೋಡುವ ಗೃಹ ಆರೋಗ್ಯ ಯೋಜನೆ 2024ರಲ್ಲಿ ಮೊದಲು ಶುರುವಾಗಿದ್ದು ಕೋಲಾರ ಜಿಲ್ಲೆಯಲ್ಲೇ. ಪಿಎಚ್‌ಸಿಯಲ್ಲಿ ಕೂತು ದೂರದ ಡಾಕ್ಟರ ಜೊತೆ ಮಾತಾಡೋಕೆ ಇ-ಸಂಜೀವಿನಿ ಇದೆ. ನಮ್ಮ ಆರೋಗ್ಯದ ದಾಖಲೆಗಳನ್ನು ಒಂದೆಡೆ ಜೋಡಿಸುವ 14 ಅಂಕಿಯ ಆಭಾ ನಂಬರ್ ಇದೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಬೇರೆ ಊರಲ್ಲಿರುವ ತಜ್ಞರು ನೋಡಿ, ಹೃದಯಾಘಾತ ಹೌದೋ ಅಲ್ಲವೋ ಹೇಳುವ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇದೆ.

ಇಷ್ಟೆಲ್ಲ ನಮ್ಮ ಮನೆ ಬಾಗಿಲಿಗೇ ಬಂದಿರುವಾಗ ಒಂದು ಪ್ರಶ್ನೆ ಕೇಳಲೇಬೇಕು. ಇದರಿಂದ ಕಾಯಿಲೆಯವರಿಗೆ ಒಳ್ಳೆಯದಾಗುತ್ತಿದೆಯಾ? ಆಗುತ್ತಿದೆ ಅಂತ ಯಾರು, ಹೇಗೆ ಕಂಡುಕೊಂಡರು? ಮಾತ್ರೆಯಾದರೆ ಮಾರುಕಟ್ಟೆಗೆ ಬರುವ ಮೊದಲು ವರ್ಷಗಟ್ಟಲೆ ಪರೀಕ್ಷೆ ನಡೆಯುತ್ತದೆ. ಆ್ಯಪ್ ಹಾಗಲ್ಲ. ಇವತ್ತು ಬರೆದು ನಾಳೆ ಪ್ಲೇ ಸ್ಟೋರ್‌ಗೆ ಹಾಕಿಬಿಡಬಹುದು.

ಕೇಳಬೇಕಾದ ಮೂರು ಪ್ರಶ್ನೆ

ಒಂದು ಸಾಧನ ಕೆಲಸ ಮಾಡುತ್ತದಾ ಅಂತ ಕೇಳುವಾಗ ನಾವು ಮೂರು ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿಬಿಡುತ್ತೇವೆ. ಮೊದಲನೆಯದು, ಅದು ತೋರಿಸುವ ಅಳತೆ ಸರಿ ಇದೆಯಾ. ಎರಡನೆಯದು, ಅದನ್ನು ಬಳಸುವ ಜಾಗದಲ್ಲಿ, ಬಳಸುವವರ ಕೈಯಲ್ಲಿ ಅದು ನಡೆಯುತ್ತಾ. ಮೂರನೆಯದು, ಅದನ್ನು ಬಳಸಿದವರ ಆರೋಗ್ಯ, ಬಳಸದೇ ಇದ್ದವರಿಗಿಂತ ಚೆನ್ನಾಗಿ ಆಯಿತಾ.

ಒಂದರಲ್ಲಿ ಪಾಸಾದದ್ದು ಇನ್ನೊಂದರಲ್ಲಿ ಫೇಲ್ ಆಗಬಹುದು. ಅಳತೆ ಸರಿ ಇದ್ದರೂ ಪಿಎಚ್‌ಸಿಯ ನರ್ಸ್‌ಗೆ ಅದನ್ನು ಬಳಸಲು ಪುರುಸೊತ್ತು ಇಲ್ಲದಿರಬಹುದು. ಎಲ್ಲರೂ ಖುಷಿಯಿಂದ ಬಳಸಿದರೂ ಯಾರ ಬಿಪಿಯೂ ಇಳಿಯದೇ ಇರಬಹುದು. ಜಾಹೀರಾತುಗಳು ಸಾಮಾನ್ಯವಾಗಿ ಮೊದಲ ಪ್ರಶ್ನೆಯ ಉತ್ತರ ಹೇಳಿ, ಮೂರನೆಯದಕ್ಕೂ ಅದೇ ಉತ್ತರ ಅನ್ನುವ ಭಾವನೆ ಹುಟ್ಟಿಸುತ್ತವೆ.

ಅಳತೆ ಸರಿ ಇದೆಯಾ?

ಅಮೆರಿಕದಲ್ಲಿ ನಡೆದ ಒಂದು ಘಟನೆ ಹೇಳಲೇಬೇಕು. 2014ರಲ್ಲಿ ಅಲ್ಲಿ ‘ಇನ್‌ಸ್ಟಂಟ್ ಬ್ಲಡ್ ಪ್ರೆಶರ್’ ಅನ್ನುವ ಆ್ಯಪ್ ಬಂತು. ತೋಳಿಗೆ ಪಟ್ಟಿ ಬೇಡ. ಫೋನನ್ನು ಎದೆಗೆ ಒತ್ತಿ, ಬೆರಳನ್ನು ಕ್ಯಾಮೆರಾ ಮೇಲೆ ಇಟ್ಟರೆ ಬಿಪಿ ಬರುತ್ತದೆ ಅಂತ ಹೇಳಿದ್ದರು. ಒಂದು ಲಕ್ಷಕ್ಕೂ ಜಾಸ್ತಿ ಪ್ರತಿ ಮಾರಾಟವಾಯಿತು. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಅದನ್ನು ಸರಿಯಾದ ಬಿಪಿ ಮೆಷಿನ್ ಜೊತೆ ಹೋಲಿಸಿ ನೋಡಿ, 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ನಿಜವಾಗಿ ಬಿಪಿ ಜಾಸ್ತಿ ಇದ್ದವರಲ್ಲಿ ನೂರಕ್ಕೆ ಸುಮಾರು 78 ಜನರಿಗೆ ಆ ಆ್ಯಪ್ ‘ಜಾಸ್ತಿ ಇಲ್ಲ’ ಅಂತ ತೋರಿಸಿತ್ತು. ಅಂಥ ಉತ್ತರ ನಂಬಿ ಎಷ್ಟು ಜನ ಮಾತ್ರೆ ಬಿಟ್ಟಿರಬಹುದು, ಯೋಚಿಸಿ.

ಬಿಪಿ ಮೆಷಿನ್ ಪರೀಕ್ಷಿಸಲು ಅಂತಾರಾಷ್ಟ್ರೀಯ ಮಾನದಂಡವೇ ಇದೆ. ಕನಿಷ್ಠ 85 ಜನರ ಮೇಲೆ ಪರೀಕ್ಷೆ ಆಗಬೇಕು, ಬಿಪಿ ಕಡಿಮೆ ಇರುವವರು, ಜಾಸ್ತಿ ಇರುವವರು, ಸಣ್ಣ ತೋಳಿನವರು, ದಪ್ಪ ತೋಳಿನವರು ಎಲ್ಲ ಅದರಲ್ಲಿ ಇರಬೇಕು, ತರಬೇತಿ ಪಡೆದವರು ಸ್ಟೆತಸ್ಕೋಪ್ ಇಟ್ಟು ನೋಡಿದ ಅಳತೆಗೂ ಮೆಷಿನ್ ಅಳತೆಗೂ ಸರಾಸರಿ ವ್ಯತ್ಯಾಸ 5 ಪಾಯಿಂಟ್ ಒಳಗೆ ಇರಬೇಕು. ಸರಾಸರಿ ಮಾತ್ರ ಸರಿ ಇದ್ದರೂ ಸಾಲದು. ಒಬ್ಬರಿಗೆ 20 ಜಾಸ್ತಿ, ಇನ್ನೊಬ್ಬರಿಗೆ 20 ಕಡಿಮೆ ತೋರಿಸಿದರೂ ಸರಾಸರಿ ಸೊನ್ನೆ ಆಗುತ್ತದೆ ಅಲ್ವಾ? ಅದಕ್ಕೇ ಅಳತೆಗಳು ಎಷ್ಟು ಚದುರಿವೆ ಅನ್ನುವುದಕ್ಕೂ ಮಿತಿ ಇಟ್ಟಿದ್ದಾರೆ.

ಇನ್ನು ಶುಗರ್ ವಿಷಯ. 2024ರ ಫೆಬ್ರುವರಿಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ನೇರವಾಗಿ ಎಚ್ಚರಿಕೆ ಕೊಟ್ಟಿತು. ಚರ್ಮ ಚುಚ್ಚದೆ ತಾನೇ ಶುಗರ್ ಅಳೆಯುವ ಯಾವ ವಾಚಿಗೂ, ಯಾವ ಉಂಗುರಕ್ಕೂ ತಾನು ಒಪ್ಪಿಗೆ ಕೊಟ್ಟಿಲ್ಲ ಅಂತ. ತೋಳಿಗೆ ಅಂಟಿಸುವ ಸೆನ್ಸರ್ ಬೇರೆ. ಅದರಲ್ಲಿ ಚರ್ಮದ ಒಳಗೆ ಹೋಗುವ ಸಣ್ಣ ತಂತು ಇರುತ್ತದೆ, ವಾಚ್ ಅಥವಾ ಫೋನ್ ಬರೀ ಅದರ ಅಂಕಿ ತೋರಿಸುತ್ತದೆ. ಇನ್ಸುಲಿನ್ ತಗೊಳ್ಳುವವರು ಸುಳ್ಳು ಅಂಕಿ ನಂಬಿ ಡೋಸ್ ಜಾಸ್ತಿ ಮಾಡಿಕೊಂಡರೆ ಪ್ರಾಣಕ್ಕೇ ಕುತ್ತು.

ಅಳತೆ ಯಾರ ಮೇಲೆ ಪರೀಕ್ಷೆ ಆಗಿದೆ ಅನ್ನೋದೂ ಮುಖ್ಯ. ಕೋವಿಡ್ ಸಮಯದಲ್ಲಿ ಮನೆಮನೆಯಲ್ಲೂ ಬೆರಳಿಗೆ ಹಾಕುವ ಆಕ್ಸಿಮೀಟರ್ ಇತ್ತು. ಅದು ಬೆರಳಿನ ಮೂಲಕ ಬೆಳಕು ಹಾಯಿಸಿ ಲೆಕ್ಕ ಹಾಕುತ್ತದೆ. 2020ರ ಕೊನೆಗೆ ಅಮೆರಿಕದ ಒಂದು ಅಧ್ಯಯನ, ರಕ್ತದಲ್ಲಿ ಆಕ್ಸಿಜನ್ ನಿಜವಾಗಿ ಕುಸಿದಿದ್ದರೂ ಮೀಟರ್ ‘ಸರಿ ಇದೆ’ ಅನ್ನುವುದು ಬಿಳಿಯ ರೋಗಿಗಳಿಗಿಂತ ಕಪ್ಪು ರೋಗಿಗಳಲ್ಲಿ ಸುಮಾರು ಮೂರು ಪಟ್ಟು ಹೆಚ್ಚು ಅಂತ ತೋರಿಸಿತು. ಕಪ್ಪು ಮೈಬಣ್ಣ ಸಾಮಾನ್ಯವಾಗಿರುವ ನಮ್ಮ ಕಡೆ ಇದು ದೂರದ ಸುದ್ದಿ ಅಲ್ಲ.

‘ಶೇ. 90 ನಿಖರ’ ಅಂದರೂ ಯಾಕೆ ಎಡವಟ್ಟು?

ಇಲ್ಲಿ ಸ್ವಲ್ಪ ಲೆಕ್ಕ ಇದೆ, ಆದರೆ ಕಷ್ಟ ಇಲ್ಲ. ಒಂದು ಊರಲ್ಲಿ 1000 ಜನ ಇದ್ದಾರೆ ಅಂದುಕೊಳ್ಳಿ. ಅವರಲ್ಲಿ 20 ಜನರಿಗೆ ಒಂದು ಕಾಯಿಲೆ ಇದೆ. ನಮ್ಮ ಹತ್ತಿರ ಇರುವ ಆ್ಯಪ್, ಕಾಯಿಲೆ ಇರುವ ನೂರು ಜನರಲ್ಲಿ 90 ಜನರನ್ನು ಹಿಡಿಯುತ್ತದೆ. ಕಾಯಿಲೆ ಇಲ್ಲದ ನೂರು ಜನರಲ್ಲಿ 10 ಜನರಿಗೆ ತಪ್ಪಾಗಿ ‘ಇದೆ’ ಅನ್ನುತ್ತದೆ. ಕೇಳಲು ಚೆನ್ನಾಗಿದೆ.

ಈಗ ಊರಿಗೆಲ್ಲ ಪರೀಕ್ಷೆ ಮಾಡಿ. 20 ಜನರಲ್ಲಿ 18 ಜನ ಸಿಕ್ಕರು. ಉಳಿದ 980 ಆರೋಗ್ಯವಂತರಲ್ಲಿ 98 ಜನರಿಗೆ ಸುಳ್ಳು ಎಚ್ಚರಿಕೆ ಹೋಯಿತು. ಒಟ್ಟು 116 ಜನರಿಗೆ ‘ಕಾಯಿಲೆ ಇದೆ’ ಅನ್ನುವ ಮೆಸೇಜ್, ಅದರಲ್ಲಿ ನಿಜ 18 ಮಾತ್ರ. ಉಳಿದವರು ಬಸ್ ಹತ್ತಿ ಜಿಲ್ಲಾಸ್ಪತ್ರೆಗೆ ಹೋಗಬೇಕು, ಒಂದು ದಿನದ ಕೂಲಿ ಬಿಡಬೇಕು, ಹಣ ಕೊಟ್ಟು ಟೆಸ್ಟ್ ಮಾಡಿಸಬೇಕು, ರಾತ್ರಿ ನಿದ್ದೆ ಕೆಡಿಸಿಕೊಳ್ಳಬೇಕು. ತಪ್ಪಿಹೋದ 2 ಜನ ‘ನನಗೇನೂ ಇಲ್ಲ’ ಅಂತ ನೆಮ್ಮದಿಯಾಗಿ ಇರುತ್ತಾರೆ.

ಕಾಯಿಲೆ ಅಪರೂಪ ಆದಷ್ಟೂ ಸುಳ್ಳು ಎಚ್ಚರಿಕೆಯ ಪಾಲು ಜಾಸ್ತಿ ಆಗುತ್ತದೆ. ಹಾಗಾಗಿ ‘ಎಷ್ಟು ನಿಖರ’ ಅನ್ನುವ ಒಂದೇ ಅಂಕಿ ಕೊಟ್ಟರೆ ಅರ್ಧ ಮಾಹಿತಿ ಕೊಟ್ಟಂತೆ. ಎಷ್ಟು ಜನರನ್ನು ಬಿಟ್ಟುಬಿಡುತ್ತದೆ, ಎಷ್ಟು ಜನರಿಗೆ ಸುಮ್ನೆ ಗಾಬರಿ ಮಾಡುತ್ತದೆ, ಎರಡೂ ಗೊತ್ತಾಗಬೇಕು.

ಆ್ಯಪಲ್ ವಾಚ್ ಮೇಲೆ ನಡೆದ ದೊಡ್ಡ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಹೃದಯ ಬಡಿತ ಏರುಪೇರಾಗುವ ‘ಏಟ್ರಿಯಲ್ ಫಿಬ್ರಿಲೇಷನ್’ ಅನ್ನುವ ತೊಂದರೆಯನ್ನು ವಾಚ್ ಹಿಡಿಯುತ್ತದಾ ಅಂತ ನೋಡಿದರು. 4 ಲಕ್ಷ 19 ಸಾವಿರ ಜನ ಸೇರಿದ್ದರು. ಎಚ್ಚರಿಕೆ ಬಂದದ್ದು ಸುಮಾರು ಇನ್ನೂರರಲ್ಲಿ ಒಬ್ಬರಿಗೆ. ಎಚ್ಚರಿಕೆ ಬಂದವರಿಗೆ ಎದೆಗೆ ಅಂಟಿಸುವ ಇಸಿಜಿ ಪಟ್ಟಿ ಕಳಿಸಿದರು. ಪಟ್ಟಿ ಹಾಕಿ ವಾಪಸ್ ಕಳಿಸಿದ 450 ಜನರಲ್ಲಿ ಶೇ. 34ರಷ್ಟು ಜನರಲ್ಲಿ ತೊಂದರೆ ಕಂಡಿತು. ಈ ತೊಂದರೆ ಬಂದು ಹೋಗುವಂಥದ್ದು, ಪಟ್ಟಿ ಹಾಕಿದ್ದು ದಿನಗಳು ಕಳೆದ ಮೇಲೆ. ಹಾಗಾಗಿ ಉಳಿದವರದ್ದೆಲ್ಲ ಸುಳ್ಳು ಎಚ್ಚರಿಕೆ ಅಂತ ಹೇಳಲು ಆಗಲ್ಲ. ಆದರೆ ಎಚ್ಚರಿಕೆ ಬಂದ ಕೂಡಲೇ ಕಾಯಿಲೆ ಖಚಿತ ಅಂತಲೂ ಅಲ್ಲ.

ನಮ್ಮ ಪಿಎಚ್‌ಸಿಯಲ್ಲಿ ನಡೆಯುತ್ತಾ?

ಶುಗರ್ ಇರುವವರ ಕಣ್ಣಿನ ಪರದೆ ಹಾಳಾಗುತ್ತಿದೆಯಾ ಅಂತ ಫೋಟೊ ನೋಡಿ ಹೇಳುವ ಎಐಯನ್ನು ಗೂಗಲ್ ತಯಾರಿಸಿತು. ಅದರ ಕೆಲಸದಲ್ಲಿ ನಮ್ಮ ದೇಶದ ಅರವಿಂದ್, ಶಂಕರ ನೇತ್ರಾಲಯದಂಥ ಕಣ್ಣಾಸ್ಪತ್ರೆಗಳ ಫೋಟೊಗಳೂ ಬಳಕೆಯಾಗಿವೆ. ಸಂಶೋಧನೆಯಲ್ಲಿ ಅದು ಕಣ್ಣಿನ ಡಾಕ್ಟರುಗಳಷ್ಟೇ ಚೆನ್ನಾಗಿ ಹೇಳುತ್ತಿತ್ತು. ಆಮೇಲೆ ಅದನ್ನು ಥಾಯ್ಲೆಂಡ್‌ನ 11 ಕ್ಲಿನಿಕ್‌ಗಳಲ್ಲಿ ಇಟ್ಟರು. ಅಲ್ಲಿ ನರ್ಸ್‌ಗಳು ತೆಗೆದ ಫೋಟೊಗಳಲ್ಲಿ ಐದರಲ್ಲಿ ಒಂದಕ್ಕಿಂತ ಸ್ವಲ್ಪ ಜಾಸ್ತಿ ಫೋಟೊಗಳನ್ನು ಎಐ ‘ಚೆನ್ನಾಗಿಲ್ಲ, ನೋಡಲು ಆಗಲ್ಲ’ ಅಂತ ತಿರಸ್ಕರಿಸಿತು. ಹೆಚ್ಚಿನ ಕಡೆ ಕತ್ತಲು ಕೋಣೆ ಇರಲಿಲ್ಲ, ಬೆಳಕು ಸರಿ ಇರಲಿಲ್ಲ. ಇಂಟರ್‌ನೆಟ್ ನಿಧಾನ ಆದಾಗ ಸಾಲಲ್ಲಿ ನಿಂತವರು ಕಾಯಬೇಕಾಯಿತು. ಫೋಟೊ ತಿರಸ್ಕಾರ ಆದವರಿಗೆ ಬೇರೆ ಕಡೆ ಹೋಗಿ ತೋರಿಸಿ ಅಂತ ಹೇಳಬೇಕಾಯಿತು.

ಗೂಗಲ್‌ನ ಸಂಶೋಧಕರೇ ಇದನ್ನು 2020ರಲ್ಲಿ ಬರೆದು ಪ್ರಕಟಿಸಿದರು. ಅದು ಮೆಚ್ಚಬೇಕಾದ ಕೆಲಸ. ಈಗ ಅದೇ ಮೆಷಿನ್ ಪಾವಗಡದ ಒಳಗಿನ ಒಂದು ಪಿಎಚ್‌ಸಿಗೆ ಬಂದರೆ? ಕರೆಂಟ್ ಯಾವಾಗ ಹೋಗುತ್ತದೆ, ಟವರ್ ಸಿಗುತ್ತದಾ, ಫೋಟೊ ತೆಗೆಯುವವರು ಯಾರು, ಅವರಿಗೆ ದಿನಕ್ಕೆ ಬೇರೆ ಎಷ್ಟು ರಿಜಿಸ್ಟರ್ ಬರೆಯುವ ಕೆಲಸ ಇದೆ, ಇವೆಲ್ಲ ಪರೀಕ್ಷೆಯ ಭಾಗವೇ.

ಭಾಷೆಯೂ ಹಾಗೇ. ಮುಳಬಾಗಿಲು, ಶ್ರೀನಿವಾಸಪುರ, ಬಾಗೇಪಲ್ಲಿ ಕಡೆ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಶಾಲೆಯಲ್ಲಿ ಓದಿದ್ದು ಕನ್ನಡ. ಆ್ಯಪ್ ಇಂಗ್ಲಿಷಲ್ಲಿದ್ದರೆ ಅಜ್ಜಿ ತನ್ನ ಎದೆ ಉರಿಯನ್ನು ಅದಕ್ಕೆ ಹೇಳೋದು ಹೇಗೆ? ಫೋನ್ ಯಾರ ಕೈಯಲ್ಲಿದೆ ಅನ್ನೋದೂ ನೋಡಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ ತಾವೇ ಬಳಸುವ ಮೊಬೈಲ್ ಇರುವ ಮಹಿಳೆಯರು ನೂರಕ್ಕೆ ಸುಮಾರು 54. ಗರ್ಭಿಣಿಗೆ ಅಂತ ಕಳಿಸಿದ ಮೆಸೇಜು ಗಂಡನ ಫೋನಿಗೆ ಹೋಗಿ ಅಲ್ಲೇ ಉಳಿದರೆ, ಮೆಸೇಜು ಎಷ್ಟು ಚೆನ್ನಾಗಿದ್ದರೂ ಪ್ರಯೋಜನ ಇಲ್ಲ.

ಒಂದು ಕಡೆ ನಡೆದದ್ದು ಇನ್ನೊಂದು ಕಡೆ ನಡೆಯುತ್ತದೆ ಅನ್ನೋ ಖಾತ್ರಿ ದೊಡ್ಡ ಆಸ್ಪತ್ರೆಗಳಲ್ಲೂ ಇಲ್ಲ. ಸೋಂಕಿಗೆ ದೇಹ ಅತಿಯಾಗಿ ಪ್ರತಿಕ್ರಿಯಿಸಿ ಪ್ರಾಣಾಪಾಯ ಆಗುವ ‘ಸೆಪ್ಸಿಸ್’ ಅನ್ನು ಮೊದಲೇ ಊಹಿಸುವ ಒಂದು ಸಾಫ್ಟ್‌ವೇರ್ ಅಮೆರಿಕದ ನೂರಾರು ಆಸ್ಪತ್ರೆಗಳಲ್ಲಿತ್ತು. ಮಿಶಿಗನ್ ವಿಶ್ವವಿದ್ಯಾಲಯದವರು ತಮ್ಮದೇ ಆಸ್ಪತ್ರೆಯ ದಾಖಲೆ ಇಟ್ಟು ನೋಡಿ 2021ರಲ್ಲಿ ಪ್ರಕಟಿಸಿದರು. ಸೆಪ್ಸಿಸ್ ಆದವರಲ್ಲಿ ಮೂರರಲ್ಲಿ ಎರಡು ಪಾಲು ಜನರನ್ನು ಅದು ಹಿಡಿದಿರಲಿಲ್ಲ.

ಆರೋಗ್ಯ ಸುಧಾರಿಸಿತಾ? ಯಾರಿಗೆ ಹೋಲಿಸಿದರೆ?

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಇದು. ಎಲ್ಲಕ್ಕಿಂತ ಮುಖ್ಯವಾದದ್ದೂ ಇದೇ.

ನಿಮ್ಮ ಟೊಮೆಟೊ ತೋಟಕ್ಕೆ ಅಂಗಮಾರಿ ಬಂತು ಅಂದುಕೊಳ್ಳಿ. ಹೊಸ ಔಷಧಿ ತಂದು ಇಡೀ ತೋಟಕ್ಕೆ ಹೊಡೆದಿರಿ. ಅದೇ ವಾರ ಮೋಡ ಸರಿದು ಒಳ್ಳೇ ಬಿಸಿಲು ಬಂತು. ರೋಗ ನಿಂತಿತು. ಔಷಧಿಯಿಂದ ನಿಂತಿತಾ, ಬಿಸಿಲಿನಿಂದ ನಿಂತಿತಾ? ಹೇಳಲು ಆಗಲ್ಲ. ಕೆಲವು ಸಾಲುಗಳನ್ನು ಔಷಧಿ ಹೊಡೆಯದೆ ಬಿಟ್ಟಿದ್ದರೆ ಗೊತ್ತಾಗುತ್ತಿತ್ತು. ಆ ಸಾಲುಗಳನ್ನೂ ನೋಡಿ ಆರಿಸಬಾರದು, ಚೀಟಿ ಎತ್ತಿ ಆರಿಸಬೇಕು. ಇಲ್ಲದಿದ್ದರೆ ಚೆನ್ನಾಗಿರುವ ಸಾಲಿಗೇ ಔಷಧಿ ಹೊಡೆದು, ಸೊರಗಿದ್ದನ್ನು ಬಿಟ್ಟುಬಿಡುತ್ತೇವೆ.

ವೈದ್ಯಕೀಯದಲ್ಲಿ ಹೀಗೆ ಚೀಟಿ ಎತ್ತಿದ ಹಾಗೆ ಜನರನ್ನು ಎರಡು ಗುಂಪು ಮಾಡಿ ಹೋಲಿಸುವುದಕ್ಕೆ ರ್‍ಯಾಂಡಮೈಸ್ಡ್ ಟ್ರಯಲ್ ಅನ್ನುತ್ತಾರೆ. ಬಿಪಿ ವಿಷಯದಲ್ಲಂತೂ ಹೋಲಿಕೆ ಇಲ್ಲದೆ ಏನೂ ಹೇಳಲು ಆಗಲ್ಲ. ಮೊದಲ ದಿನ ಗಾಬರಿಯಲ್ಲಿ 170 ಬಂದವರಿಗೆ ಮುಂದಿನ ತಿಂಗಳು 155 ಬರುವುದು ಸಾಮಾನ್ಯ, ಏನೂ ಮಾಡದಿದ್ದರೂ. ಜಾಸ್ತಿ ಬಂದವರನ್ನೇ ಆರಿಸಿ ಮತ್ತೆ ಅಳೆದರೆ ಆ ಗುಂಪಿನ ಸರಾಸರಿ ತಾನಾಗೇ ಸ್ವಲ್ಪ ಇಳಿಯುತ್ತದೆ. ‘ನಮ್ಮ ಆ್ಯಪ್ ಬಳಸಿದವರ ಬಿಪಿ ಇಷ್ಟು ಇಳಿಯಿತು’ ಅನ್ನುವ ಜಾಹೀರಾತಿನಲ್ಲಿ ಈ ತಾನಾಗೇ ಇಳಿದ ಪಾಲೂ ಸೇರಿರುತ್ತದೆ.

ಇದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಇದೆ. ಎಂವೆಲ್‌ಕೇರ್ ಅನ್ನುವ ಟ್ರಯಲ್ ಕರ್ನಾಟಕ ಮತ್ತು ಹರಿಯಾಣದ 40 ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ನಡೆಯಿತು. ಬಿಪಿ ಅಥವಾ ಶುಗರ್ ಇರುವ ಸುಮಾರು 3,700 ಜನ ಇದ್ದರು. ಒಂದೇ ಡಾಕ್ಟರ್ ಎರಡೂ ಗುಂಪಿನವರನ್ನು ನೋಡಿದರೆ ಗೊಂದಲ ಆಗುತ್ತದೆ ಅಂತ ಚೀಟಿ ಎತ್ತಿದ್ದು ಆಸ್ಪತ್ರೆಗಳ ಲೆಕ್ಕದಲ್ಲಿ. ಅರ್ಧ ಆಸ್ಪತ್ರೆಗಳಲ್ಲಿ ನರ್ಸ್ ಟ್ಯಾಬ್ಲೆಟ್‌ನಲ್ಲಿ ವಿವರ ತುಂಬುತ್ತಾರೆ, ಸಾಫ್ಟ್‌ವೇರ್ ಚಿಕಿತ್ಸೆಯ ಸಲಹೆ ಕೊಡುತ್ತದೆ, ಡಾಕ್ಟರ್ ನೋಡಿ ತೀರ್ಮಾನ ಮಾಡುತ್ತಾರೆ, ರೋಗಿಗೆ ಎಸ್‌ಎಂಎಸ್ ಹೋಗುತ್ತದೆ. ಉಳಿದ ಅರ್ಧದಲ್ಲಿ ಸಾಫ್ಟ್‌ವೇರ್ ಇಲ್ಲ, ಆದರೆ ಸಿಬ್ಬಂದಿಗೆ ತರಬೇತಿ ಕೊಟ್ಟು ಆರೈಕೆಯನ್ನು ಸ್ವಲ್ಪ ಚೆನ್ನಾಗಿ ಮಾಡಿದ್ದರು. ಒಂದು ವರ್ಷ ನೋಡಿ, 2019ರಲ್ಲಿ ಪ್ರಕಟಿಸಿದರು.

ಟ್ಯಾಬ್ಲೆಟ್ ಇದ್ದ ಕಡೆ ಬಿಪಿ ಇಳಿದಿತ್ತು. ಟ್ಯಾಬ್ಲೆಟ್ ಇಲ್ಲದ ಕಡೆಯೂ ಇಳಿದಿತ್ತು! ಎರಡರ ನಡುವಿನ ವ್ಯತ್ಯಾಸ ಸುಮಾರು ಒಂದು ಪಾಯಿಂಟ್, ಅಂದರೆ ಆಕಸ್ಮಿಕವಾಗಿಯೂ ಬರಬಹುದಾದಷ್ಟು. ಶುಗರ್‌ನಲ್ಲೂ ವ್ಯತ್ಯಾಸ ಇರಲಿಲ್ಲ.

ಹೋಲಿಕೆಯ ಗುಂಪು ಇಲ್ಲದೆ ಇದನ್ನೇ ಮಾಡಿದ್ದರೆ ಏನಾಗುತ್ತಿತ್ತು ನೋಡಿ. ‘ಟ್ಯಾಬ್ಲೆಟ್‌ನಿಂದ ಬಿಪಿ ಇಳಿಯಿತು’ ಅಂತ ಸುದ್ದಿ ಬರುತ್ತಿತ್ತು, ರಾಜ್ಯಕ್ಕೆಲ್ಲ ಟ್ಯಾಬ್ಲೆಟ್ ಖರೀದಿ ಆಗುತ್ತಿತ್ತು. ಈ ಫಲಿತಾಂಶದಿಂದ ಸಾಫ್ಟ್‌ವೇರ್ ದಂಡ ಅಂತ ತೀರ್ಮಾನ ಮಾಡಬೇಕಿಲ್ಲ. ತರಬೇತಿ ಪಡೆದ ಸಿಬ್ಬಂದಿ ಇರುವ ಕಡೆ ಅದು ಮೇಲಿಂದ ಹೆಚ್ಚಿನ ಲಾಭ ಕೊಡಲಿಲ್ಲ ಅನ್ನುವಷ್ಟು ಮಾತ್ರ ಇದು ಹೇಳುತ್ತದೆ. ಲಾಭ ಇಲ್ಲ ಅಂತ ಬಂದದ್ದನ್ನೂ ಮುಚ್ಚಿಡದೆ ಪ್ರಕಟಿಸಿದರಲ್ಲ, ನನಗೆ ಇಡೀ ವಿಷಯದಲ್ಲಿ ಅದೇ ದೊಡ್ಡದು ಅನ್ನಿಸುತ್ತದೆ.

ಉತ್ತರ ಕೆಲವೊಮ್ಮೆ ಅರ್ಧ ಹೌದು, ಅರ್ಧ ಇಲ್ಲ ಅಂತಲೂ ಬರುತ್ತದೆ. ಗರ್ಭಿಣಿಯರಿಗೆ, ಬಾಣಂತಿಯರಿಗೆ ವಾರಕ್ಕೊಮ್ಮೆ ಫೋನ್ ಮಾಡಿ ಧ್ವನಿ ಸಂದೇಶ ಕೇಳಿಸುವ ‘ಕಿಲ್ಕಾರಿ’ ಅನ್ನುವ ಕೇಂದ್ರ ಸರ್ಕಾರದ ಸೇವೆ ಇದೆ. ಮಧ್ಯಪ್ರದೇಶದಲ್ಲಿ ಸುಮಾರು 5 ಸಾವಿರ ಮಹಿಳೆಯರ ಮೇಲೆ ಅದರ ಟ್ರಯಲ್ ನಡೆಯಿತು. ಮಗುವಿಗೆ ಎದೆಹಾಲು ಮಾತ್ರ ಕುಡಿಸುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಕುಟುಂಬ ಯೋಜನೆಯ ಆಧುನಿಕ ವಿಧಾನ ಬಳಸುವವರು ಮಾತ್ರ ಸ್ವಲ್ಪ ಜಾಸ್ತಿ ಆಗಿದ್ದರು.

ಅಂಕಿಗಳು ಎಲ್ಲಿ ಜಾರುತ್ತವೆ

ಡೌನ್‌ಲೋಡ್ ಸಂಖ್ಯೆ, ನೋಂದಣಿ ಸಂಖ್ಯೆ, ಕರೆಗಳ ಸಂಖ್ಯೆ. ಸುದ್ದಿಯಲ್ಲಿ ಹೆಚ್ಚಾಗಿ ಬರುವುದು ಇವೇ. ಇ-ಸಂಜೀವಿನಿಯಲ್ಲಿ 2023ರ ಹೊತ್ತಿಗೇ 10 ಕೋಟಿ ಸಮಾಲೋಚನೆ ಆಗಿತ್ತು. ಸೇವೆ ಎಷ್ಟು ದೂರ ತಲುಪಿದೆ ಅಂತ ಇದರಿಂದ ಗೊತ್ತಾಗುತ್ತದೆ. ಮಾತಾಡಿದ ಮೇಲೆ ಕಾಯಿಲೆ ವಾಸಿಯಾಯಿತಾ, ಬರೆದ ಔಷಧಿ ಸಿಕ್ಕಿತಾ ಅನ್ನುವುದನ್ನು ಬೇರೆಯಾಗಿಯೇ ಅಳೆಯಬೇಕು.

ಇನ್ನೊಂದು, ಮಧ್ಯದಲ್ಲಿ ಬಿಟ್ಟವರನ್ನು ಲೆಕ್ಕದಿಂದ ತೆಗೆಯುವುದು. 100 ಜನ ಆ್ಯಪ್ ಶುರು ಮಾಡಿದರು, ಮೂರು ತಿಂಗಳಿಗೆ ಉಳಿದವರು 20, ಅವರಲ್ಲಿ 15 ಜನರಿಗೆ ಗುಣ ಆಯಿತು ಅಂದುಕೊಳ್ಳಿ. ‘ಶೇ. 75 ಯಶಸ್ಸು’ ಅಂತ ಹೇಳಬಹುದು. ಆದರೆ ಶುರು ಮಾಡಿದ ನೂರರಲ್ಲಿ ಗುಣ ಆದದ್ದು ಗೊತ್ತಿರುವುದು 15 ಜನರಿಗೆ ಮಾತ್ರ. ಬಿಟ್ಟವರು ಯಾಕೆ ಬಿಟ್ಟರು ಅನ್ನುವುದರಲ್ಲೇ ಎಷ್ಟೋ ಸಲ ನಿಜವಾದ ವಿಷಯ ಇರುತ್ತದೆ.

ಬೇಕಾದ್ದನ್ನು ಬಿಟ್ಟು ಸುಲಭವಾದದ್ದನ್ನು ಅಳೆಯುವುದು ಮತ್ತೊಂದು. ಟಿಬಿ ರೋಗಿಗಳು ದಿನಾ ಮಾತ್ರೆ ತಗೊಂಡರಾ ಅಂತ ತಿಳಿಯಲು 99 ಡಾಟ್ಸ್ ಅನ್ನುವ ವ್ಯವಸ್ಥೆ ನಮ್ಮ ದೇಶದಲ್ಲಿ ಬಂತು. ಮಾತ್ರೆ ಬಿಡಿಸಿದರೆ ಅದರ ಹಿಂದೆ ಒಂದು ಫೋನ್ ನಂಬರ್ ಕಾಣುತ್ತದೆ, ಅದಕ್ಕೆ ಮಿಸ್ಡ್ ಕಾಲ್ ಕೊಡಬೇಕು. ಒಳ್ಳೇ ಉಪಾಯ, ಖರ್ಚೂ ಕಡಿಮೆ. ಚೆನ್ನೈ, ಮುಂಬೈನಲ್ಲಿ ಸಂಶೋಧಕರು ರೋಗಿಗಳ ಮೂತ್ರ ಪರೀಕ್ಷೆ ಮಾಡಿ, ಮಾತ್ರೆ ನಿಜವಾಗಿ ಮೈಗೆ ಸೇರಿದೆಯಾ ಅಂತ ನೋಡಿದರು. ಕಾಲ್ ದಾಖಲೆಗೂ ಮೂತ್ರದ ಫಲಿತಾಂಶಕ್ಕೂ ಎಷ್ಟೋ ಕಡೆ ತಾಳೆ ಆಗಲಿಲ್ಲ. ಮಾತ್ರೆ ನುಂಗಿದವರಲ್ಲಿ ಕೆಲವರು ಕಾಲ್ ಮಾಡಿರಲಿಲ್ಲ, ಕಾಲ್ ಮಾಡಿದವರಲ್ಲಿ ಕೆಲವರು ನುಂಗಿರಲಿಲ್ಲ.

ಎಲ್ಲದಕ್ಕೂ ಒಂದೇ ಪರೀಕ್ಷೆ ಬೇಕಾ?

ಬೇಡ. ಹೆಜ್ಜೆ ಎಣಿಸುವ ಆ್ಯಪ್ ತಪ್ಪು ಹೇಳಿದರೆ ದೊಡ್ಡ ನಷ್ಟ ಇಲ್ಲ. ಇನ್ಸುಲಿನ್ ಡೋಸ್ ಹೇಳುವ ಆ್ಯಪ್ ತಪ್ಪು ಹೇಳಿದರೆ ಜೀವ ಹೋಗಬಹುದು. ಯಾವ ಚಿಕಿತ್ಸೆ ಬಳಸಬಹುದು ಅಂತ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2019ರ ಹೊತ್ತಿಗೆ ಇಂಥ ಸಾಧನಗಳಿಗೆ ಮಾಡಿದ ಚೌಕಟ್ಟು ಇದೇ ಲೆಕ್ಕದ ಮೇಲೆ ನಿಂತಿದೆ, ಅಪಾಯ ಹೆಚ್ಚಿದಷ್ಟೂ ಗಟ್ಟಿ ಪುರಾವೆ ಬೇಕು. ಜರ್ಮನಿಯಲ್ಲಿ 2020ರಿಂದ ಡಾಕ್ಟರ್ ಚೀಟಿಯಲ್ಲೇ ಆ್ಯಪ್ ಬರೆದುಕೊಡಬಹುದು, ವಿಮೆಯವರು ಹಣ ಕೊಡುತ್ತಾರೆ. ಪುರಾವೆ ಇನ್ನೂ ಪೂರ್ತಿ ಇಲ್ಲದ ಆ್ಯಪ್‌ಗೆ ತಾತ್ಕಾಲಿಕ ಜಾಗ ಕೊಟ್ಟು, ಸಾಮಾನ್ಯವಾಗಿ ಒಂದು ವರ್ಷದಲ್ಲಿ ಪುರಾವೆ ತರಲು ಹೇಳುತ್ತಾರೆ.

ನಮ್ಮಲ್ಲಿ 2020ರ ಏಪ್ರಿಲ್ 1ರಿಂದ ಕಾಯಿಲೆ ಪತ್ತೆ, ಚಿಕಿತ್ಸೆಗೆ ಅಂತ ಮಾಡಿದ ಸಾಫ್ಟ್‌ವೇರ್ ಕೂಡ ವೈದ್ಯಕೀಯ ಸಾಧನದ ಕಾನೂನಿನ ಒಳಗೆ ಬಂದಿದೆ. ಆದರೆ ಎಷ್ಟೋ ವಾಚ್‌ಗಳ ಡಬ್ಬದ ಮೇಲೆ ಸಣ್ಣ ಅಕ್ಷರದಲ್ಲಿ ‘ವೈದ್ಯಕೀಯ ಬಳಕೆಗೆ ಅಲ್ಲ’ ಅಂತ ಬರೆದಿರುತ್ತದೆ. ದೊಡ್ಡ ಅಕ್ಷರದಲ್ಲಿ ಬಿಪಿ, ಆಕ್ಸಿಜನ್ ಅಂತ ಇರುತ್ತದೆ. ಕೊಳ್ಳುವ ಮೊದಲು ಆ ಸಣ್ಣ ಅಕ್ಷರ ಓದಿ.

ಆ್ಯಪ್‌ಗಳು ಅಪ್‌ಡೇಟ್ ಆಗುತ್ತಾ ಬದಲಾಗುತ್ತವೆ ಅನ್ನುವುದೂ ನೆನಪಿರಲಿ. ಮೂರು ವರ್ಷದ ಹಿಂದೆ ಪರೀಕ್ಷೆ ಆದದ್ದು ಹಳೇ ಆವೃತ್ತಿ. ಇವತ್ತು ನಿಮ್ಮ ಫೋನಲ್ಲಿರುವುದು ಬೇರೆಯೇ ಇರಬಹುದು.

ಮನೆಯಲ್ಲೇ ನೋಡಬಹುದಾದದ್ದು

ಮನೆಗೆ ಬಿಪಿ ಮೆಷಿನ್ ತಗೊಳ್ಳುವುದಾದರೆ ತೋಳಿಗೆ ಪಟ್ಟಿ ಸುತ್ತುವಂಥದ್ದು ತಗೊಳ್ಳಿ. ಪಟ್ಟಿ ನಿಮ್ಮ ತೋಳಿನ ಅಳತೆಗೆ ಸರಿಯಾಗಿರಬೇಕು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಹಾಕಿದರೆ ಬಿಪಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಯಾವ ಮಾಡೆಲ್ ಪರೀಕ್ಷೆಯಲ್ಲಿ ಪಾಸಾಗಿದೆ ಅಂತ ‘ಸ್ಟ್ರೈಡ್ ಬಿಪಿ’ ಅನ್ನುವ ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಉಚಿತವಾಗಿ ನೋಡಬಹುದು. ಮುಂದಿನ ಸಲ ಪಿಎಚ್‌ಸಿಗೆ ಹೋಗುವಾಗ ಮೆಷಿನ್ ಜೊತೆಗೆ ಒಯ್ಯಿರಿ. ಐದು ನಿಮಿಷ ಸುಮ್ನೆ ಕೂತು, ಅಲ್ಲಿನ ಮೆಷಿನ್‌ನಲ್ಲಿ ಎರಡು ಸಲ, ನಿಮ್ಮದರಲ್ಲಿ ಎರಡು ಸಲ ನೋಡಿಸಿ. ತುಂಬಾ ವ್ಯತ್ಯಾಸ ಬಂದರೆ ಡಾಕ್ಟರಿಗೆ ಹೇಳಿ. ವಾಚ್ ಏನೇ ತೋರಿಸಲಿ, ಅದನ್ನು ನೋಡಿ ಮಾತ್ರೆ ಬಿಡುವುದಾಗಲಿ ಜಾಸ್ತಿ ಮಾಡುವುದಾಗಲಿ ಬೇಡ. ಎದೆನೋವು ಬಂದಾಗ ವಾಚ್ ‘ಎಲ್ಲ ಸರಿ’ ಅಂದರೂ ಆಸ್ಪತ್ರೆಗೆ ಹೊರಡಿ.

ಯಾವುದಾದರೂ ಆ್ಯಪ್ ‘ವೈಜ್ಞಾನಿಕವಾಗಿ ಸಾಬೀತಾಗಿದೆ’ ಅಂದರೆ ಹುಡುಕಲು ಒಂದು ಜಾಗ ಇದೆ. ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ ಆಫ್ ಇಂಡಿಯಾ, ಚಿಕ್ಕದಾಗಿ ಸಿಟಿಆರ್‌ಐ, 2007ರಲ್ಲಿ ಶುರುವಾದದ್ದು. ನಮ್ಮ ದೇಶದಲ್ಲಿ ನಡೆಯುವ ಟ್ರಯಲ್‌ಗಳನ್ನು ಮೊದಲೇ ಅಲ್ಲಿ ನೋಂದಾಯಿಸುತ್ತಾರೆ, ಯಾರು ಬೇಕಾದರೂ ಹಣ ಕೊಡದೆ ನೋಡಬಹುದು. ಆ್ಯಪ್ ಹೆಸರೋ ಕಾಯಿಲೆ ಹೆಸರೋ ಹಾಕಿ ಹುಡುಕಿ. ಎಷ್ಟು ಜನ, ಯಾವ ಊರು, ಹೋಲಿಕೆಯ ಗುಂಪು ಇದೆಯಾ, ಏನನ್ನು ಅಳೆಯುತ್ತೇವೆ ಅಂತ ಮೊದಲೇ ಬರೆದಿದ್ದಾರೆ, ಎಲ್ಲ ಅಲ್ಲಿರುತ್ತದೆ. ಶುರುವಿನಲ್ಲಿ ‘ಬಿಪಿ ಇಳಿಯುತ್ತದಾ ನೋಡುತ್ತೇವೆ’ ಅಂತ ಬರೆದವರು ಕೊನೆಗೆ ‘ಬಳಸಿದವರಿಗೆ ಇಷ್ಟ ಆಯಿತು’ ಅಂತ ಮಾತ್ರ ಹೇಳುತ್ತಿದ್ದರೆ, ಬಿಪಿ ಏನಾಯಿತು ಅಂತ ಕೇಳಿ.